ತೆಗ್ಗಿನ ಫೋಟೋ

ನಗರಸಭೆಯ ದೂರು ಕೌಂಟರಿನ ಸಾಲಿನಲ್ಲಿ ನೇತ್ರಾಳ ಮುಂದಿದ್ದ ಹೆಂಗಸಿನ ಸರದಿ ಬಂದಾಗ ಗುಮಾಸ್ತನೇ ಮೊದಲು ಬಾಯಿ ತೆರೆದ.

"ಖಣದಂಗಡಿ ಮುಂದಿನ ರಸ್ತೆ ತೆಗ್ಗು ಮುಚ್ಚೇವಲ್ರಿ ಗುರುಲಿಂಗವ್ವಾರ. ಮತ್ತ ಬಾಯಿ ಬಿಟ್ಟೈತೇನು?"

"ಇಲ್ಲಪ್ಪಾ, ಗಟ್ಟಿ ಐತಿ. ನಾ ಕಳಿಸಿದ್ದ ಫೋಟೋ ಬೇಕಿತ್ತು."

"ದೂರು ಮುಗೀತಲ್ರಿ, ಇನ್ನ ಫೋಟೋ ಯಾಕ?"

"ಆಳ ತಿಳೀಲಿ ಅಂತ ನಮ್ಮನಿಯವ್ರನ್ನ ಅದ್ರಾಗ ನಿಲ್ಲಿಸಿದ್ನಿ. ಭಾಳ ನಕ್ಕಿದ್ರು. ಅವರು ತೀರಿಕೊಂಡು ಇವತ್ತಿಗೆ ಹದಿನೈದು ದಿನ. ನನ್ನ ಮೊಬೈಲೂ ಕೆಟ್ಟು ಹೋತು."

"ಮನ್ಯಾಗ ಬ್ಯಾರೆ ಫೋಟೋ ಇಲ್ಲೇನ್ರಿ?"

"ಅದಾವ. ಎಲ್ಲಾದ್ರಾಗೂ ಮಾರಿ ಬಿಗದು ಕುಂತಾರ."

ಗುಮಾಸ್ತ ಹುಡುಕಿ ಹುಡುಕಿ ಕಂಪ್ಯೂಟರಿನ ಪರದೆಯನ್ನು ಇತ್ತ ತಿರುಗಿಸಿದ. ನೇತ್ರಾ ಕತ್ತು ಚಾಚಿದಳು. ಕೆಸರು ತುಂಬಿದ ತೆಗ್ಗು, ಎತ್ತಿ ಕಟ್ಟಿದ ಧೋತರ, ಎರಡು ಕಾಲು. ಅದರ ಮೇಲೆ ಏನೂ ಇರಲಿಲ್ಲ.

"ಮಾರೀನ ಬಂದಿಲ್ಲಲ್ರಿ," ಎಂದ ಗುಮಾಸ್ತ.

"ತೆಗ್ಗು ಚಂದ ಬರ್ಲಿ ಅಂತ ನಾನ ಕೆಳಗ ಹಿಡದಿದ್ನಿ."

ಗುಮಾಸ್ತ ಮೌಸಿನ ಮೇಲೆ ಕೈಯಿಟ್ಟ.

"ಪ್ರಿಂಟ್ ತಗದು ಕೊಡ್ಲೇನ್ರಿ?"

"ಕೊಡಪ್ಪಾ. ಈ ಕಾಲು ಮಸುಕಾಗೇತಿ ನೋಡು. ನಕ್ಕೋತ ಅಲ್ಲಾಡಿದ್ರು."

ಕಾಗದವನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು, ಆಕೆ ಮೆಟ್ಟಿಲಿಳಿದಳು.