ಬಾಟಲಿಯ ಮೇಲಿನ ಹೆಸರು

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ವೇದಿಕೆಯ ಗಣ್ಯರೇ, ಸಹೋದ್ಯೋಗಿಗಳೇ, ನಂತೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದೂ ಬಂದು ತಲುಪಿದ ಸಭಿಕರೇ,

ಪ್ರಾಣಿಶಾಸ್ತ್ರ ವಿಭಾಗದಿಂದ ನಿವೃತ್ತಳಾಗುತ್ತಿರುವ ಈ ಕುಮುದಿನಿಗೆ ಶಾಲು ಹೊದೆಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಪ್ರಯೋಗಾಲಯದ ಅರುವತ್ತೆರಡು ಬಾಟಲಿಗಳ ಮೀನುಗಳನ್ನು ನಾನೇ ಸಂಗ್ರಹಿಸಿದೆ ಎಂದು ಸನ್ಮಾನಪತ್ರ ಓದಿದಿರಿ. ದೋಣಿ ಹತ್ತಿದರೆ ವಾಂತಿ ಮಾಡುವವಳು ನಾನು. ಹೇಗೆ ಸಂಗ್ರಹಿಸಲಿ?

ಮೂವತ್ತೊಂದು ವರ್ಷ ಒಂದೇ ಪಾಠ ಮಾಡಿದೆ. ಸುಮಾರು ಮೂವತ್ತೇಳು ಕೋಟಿ ವರ್ಷಗಳ ಹಿಂದೆ ಮೀನುಗಳ ಒಂದು ವಂಶಕ್ಕೆ ಕೈಕಾಲು ಮೂಡಿತು. ಕಪ್ಪೆ, ಹಾವು, ಹಕ್ಕಿ, ಈ ವೇದಿಕೆಯ ಗಣ್ಯರು, ಎಲ್ಲರೂ ಅದರ ಸಂತತಿಯೇ. ನಮ್ಮ ತೋಳಿನ ಮೂಳೆಗಳ ಮೊದಲ ರೂಪ ಇದ್ದದ್ದು ಮೀನಿನ ರೆಕ್ಕೆಯಲ್ಲಿ.

ಈ ಪಾಠವನ್ನು ಮನೆಯಲ್ಲೂ ಹೇಳಿದ್ದೆ. ನಾನು ಕೆಲಸಕ್ಕೆ ಸೇರಿದ ವರ್ಷವೇ ಬೆಂಗ್ರೆಯ ಕಡಲತಡಿಯಿಂದ ಒಬ್ಬರು ಲುಂಗಿ ಎತ್ತಿಕಟ್ಟಿ, ಬಾಲ್ದಿ ಹಿಡಿದು ಬಂದರು. ಒಳಗೆ ಕೆಸರಿನ ಮೇಲೆ ರೆಕ್ಕೆಯೂರಿ ತೆವಳುವ ಮೀನು. ಅದು ನಮ್ಮ ಪೂರ್ವಜನಲ್ಲ, ಈ ಕಾಲದ್ದೇ. ಆದರೂ ಮೀನು ನಡೆಯುವುದನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸ್ಟಾಫ್ ರೂಮಿನಲ್ಲಿ ಕರವಸ್ತ್ರಗಳು ಮೂಗಿಗೇರಿದವು. "ಯಾರಿವರು?" ಎಂದು ಯಾರೋ ಕೇಳಿದರು. "ಮೀನು ತಂದುಕೊಡುವವರು" ಎಂದೆ.

ಬಂದವರು ನನ್ನನ್ನೇ ನೋಡಿದರು. ಆಮೇಲೆ ಕೇಳಿದರು, "ಮೇಡಂ, ಬಾಲ್ದಿ ಎಲ್ಲಿ ಇಡಲಿ?"

ಅವರು ನನ್ನ ಅಪ್ಪ, ವಾಸು. ಮುಂದೆ ಹತ್ತೊಂಬತ್ತು ವರ್ಷ, ಬಲೆಗೆ ಅಪರೂಪದ್ದು ಬಿದ್ದಾಗಲೆಲ್ಲ ಇಲ್ಲಿಗೇ ತಂದರು. ಈ ಗೇಟಿನೊಳಗೆ ಒಮ್ಮೆಯೂ ನನ್ನನ್ನು ಮಗಾ ಎನ್ನಲಿಲ್ಲ. ಮೀನು ನನ್ನ ಪೂರ್ವಜ ಎಂದು ಬೋರ್ಡಿನ ಮೇಲೆ ಬರೆಯಲು ನನಗೆ ನಾಚಿಕೆಯಾಗಲಿಲ್ಲ. ಮೀನು ಹಿಡಿಯುವವರು ನನ್ನ ಅಪ್ಪ ಎನ್ನಲು ನಾಚಿಕೆಯಾಯಿತು. ಎಂತಹ ವಿದ್ಯೆ ಇದು? ಅವರು ತೀರಿಕೊಂಡಾಗ ರಜೆಯ ಅರ್ಜಿಯಲ್ಲಿ ‘ಸಂಬಂಧಿಕರೊಬ್ಬರು’ ಎಂದು ಬರೆದೆ.

ಅಂದು ಮೂಗು ಮುಚ್ಚಿದವರು ಕೆಲವರು ಇಲ್ಲೇ ಮುಂದಿನ ಸಾಲಿನಲ್ಲಿದ್ದೀರಿ. ನಿಮ್ಮ ಮೇಲೂ ಸಿಟ್ಟುಂಟು. ಆದರೆ ಸುಳ್ಳು ಹೇಳಿದವಳು ನಾನು.

ಇಂದು ಬೆಳಿಗ್ಗೆ ಅಟೆಂಡರ್ ಲಿಗೋರಿಯ ಜೊತೆ ಕುಳಿತು ಎಲ್ಲ ಬಾಟಲಿಗಳ ಚೀಟಿ ಬದಲಿಸಿದೆ: ‘ಸಂಗ್ರಹ: ವಾಸು, ಕುಮುದಿನಿಯ ಅಪ್ಪ.’ ಲಿಗೋರಿ ಹೇಳಿದರು, "ನಂಗೆ ಮೊದಲೇ ಗೊತ್ತುಂಟು ಮೇಡಂ. ಮುಖ ಒಂದೇ ಅಲ್ವಾ?" ಪ್ರಾಣಿಶಾಸ್ತ್ರ ಓದಿದ ನಮಗ್ಯಾರಿಗೂ ಆ ಹೋಲಿಕೆ ಕಾಣಲಿಲ್ಲ.

ವಿಭಾಗ ಮುಚ್ಚುತ್ತಿದೆ, ಸೋಮವಾರ ಬಾಟಲಿಗಳು ಗೋದಾಮಿಗೆ ಹೋಗುತ್ತವೆ. ಆ ಹೆಸರು ಓದಲು ನಿಮಗೆ ಎರಡು ದಿನ ಉಂಟು.

ನಾನು ಧನ್ಯವಾದ ಹೇಳಬೇಕಾದವರು ಈ ಸಭೆಯಲ್ಲಿಲ್ಲ. ಇರುವ ನಿಮಗೆಲ್ಲ ವಂದನೆಗಳು, ನಮಸ್ಕಾರ.