ಶೆಡ್ಡಲ್ಲಿ ಸದ್ದಿಲ್ಲ

ಹಲೋ... ಯಾರು ಮಾತಾಡ್ತಿರೋದು?... ಹಲೋ, ಸರಿಯಾಗಿ ಕೇಳಿಸ್ತಿಲ್ಲ, ಯಾರು ಬೇಕಿತ್ತು?

...

ಅಯ್ಯೋ, ಅತ್ತೆ! ನೀವಾ? ಬೇರೆ ನಂಬರು ನೋಡಿ ಗೊತ್ತಾಗ್ಲಿಲ್ಲ. ಓ, ನರ್ಸಮ್ಮನ ಫೋನಾ? ಆಪರೇಶನ್ ಆದ ಕಾಲು ಹೇಗಿದೆ? ಎಬ್ಬಿಸಿ ಕೂರಿಸಿದ್ರಾ?

...

ಹಾಂ... ನಾವು ಚೆನ್ನಾಗಿದ್ದೀವಿ. ನಿಮ್ಮ ಮಗ ಇಲ್ಲೇ ಹಿಂದ್ಗಡೆ ಇದ್ದಾರೆ. ಅಗೀತಿದ್ದಾರೆ. ಏನಿಲ್ಲ, ಸುಮ್ನೆ ಒಂದು ಗುಂಡಿ.

...

ಕೋಳಿಗಳಾ? ಅವಕ್ಕೇನು... ಇವೆ. ಮೊದ್ಲು ನೀವು ಹುಷಾರಾಗಿ, ಕೋಳಿ ವಿಚಾರ ಆಮೇಲೆ.

...

ಹೂಂ, ಶೆಡ್ಡಲ್ಲೇ ಇದ್ದೀನಿ. ಬಾಗಿಲ ಹತ್ರ.

...

ಸದ್ದು... ಸದ್ದಿಲ್ಲ ಅತ್ತೆ.

...

ಅತ್ತೆ? ಇದ್ದೀರಾ?... ಹೇಳ್ತೀನಿ, ಹೇಳ್ತೀನಿ. ನೀವು ಏಳೋಕೆ ಹೋಗ್ಬೇಡಿ, ಆ ಕಾಲಿಟ್ಕೊಂಡು. ನಿನ್ನೆ ಮಧ್ಯಾಹ್ನ ಕರೆಂಟು ಹೋಯ್ತು. ಫ್ಯಾನೆಲ್ಲ ನಿಂತ್ವು. ಜನರೇಟರ್ ಹಾಕಿದ್ವಿ, ಸ್ವಲ್ಪ ಹೊತ್ತು ಓಡ್ತು, ಆಮೇಲೆ ಅದೂ ಕೆಮ್ಮಿ ಕೆಮ್ಮಿ ನಿಂತೋಯ್ತು. ಒಂದೆಲೆ ಅಲ್ಲಾಡ್ಲಿಲ್ಲ, ಅಂಥಾ ಧಗೆ.

...

ಎತ್ತಿದ್ದೆ ಅತ್ತೆ. ಫೀಡಿನ ಡಬ್ಬಿ ಎಲ್ಲಾ ಬೆಳಗ್ಗೆನೇ ಮೇಲೆತ್ತಿ ಕಟ್ಟಿದ್ದೆ. ತಿಂದದ್ದು ಅರಗೋಕೂ ಮೈ ಕಾಯುತ್ತೆ, ಬಿಸಿಲೇರೋಕೆ ಮುಂಚೆ ಎತ್ತಿಬಿಡು ಅಂತ ನೀವೇ ಹೇಳ್ಕೊಟ್ಟಿದ್ದು, ಅಲ್ವಾ? ಗಾಳಿಯಾಡ್ಲಿ ಅಂತ ಪಕ್ಕದ ಪರದೆ ಪೂರ್ತಿ ಬಿಚ್ಚಿದ್ವಿ. ಸೂರಿನ ಮೇಲೆ ನೀರು ಎರಚಿದ್ವಿ. ಕುಡಿಯೋ ನೀರಿಗೆ ಐಸು ಹಾಕಿದ್ವಿ.

...

ನಡೆದೆ. ನೀವು ನಡೀತಿದ್ರಲ್ಲ, ಹಾಗೇ, ಕೋಳಿಗಳ ಮಧ್ಯದಲ್ಲಿ ಮೆಲ್ಲಗೆ, ಗಾಬರಿ ಬೀಳಿಸದ ಹಾಗೆ. ಎದ್ದು ನಿಂತ್ರೆ ಹೊಟ್ಟೆ ಕೆಳಗಿನ ಬಿಸಿ ಹೋಗುತ್ತಲ್ಲ. ಮೊದಮೊದ್ಲು ಎದ್ವು. ಆಮೇಲೆ ಏಳ್ಲಿಲ್ಲ. ಬಾಯಿ ಬಿಟ್ಕೊಂಡು, ರೆಕ್ಕೆ ಅಗಲಿಸಿ, ಕತ್ತು ಚಾಚಿ ತೇಕ್ತಿದ್ವು. ಇಡೀ ಶೆಡ್ಡೇ ತೇಕ್ತಿತ್ತು ಅತ್ತೆ.

...

ದನದ ಡಾಕ್ಟ್ರು ಬಂದಿದ್ರು. ಜೀವ ಇದ್ದ ಒಂದಕ್ಕೆ ಹಿಂದಿನಿಂದ ಥರ್ಮಾಮೀಟರ್ ಇಟ್ಟು ನೋಡಿದ್ರು. ನಲವತ್ತೈದು ಡಿಗ್ರಿ ದಾಟಿತ್ತು. ಮಾಮೂಲಿ ದಿನಾನೇ ಅದರ ಮೈ ನಲವತ್ತೊಂದಂತೆ, ಅಷ್ಟಾದ್ರೆ ನಾವು ಜ್ವರದಲ್ಲಿ ಬಡಬಡಿಸ್ತೀವಿ. ಪಾಪ, ಅವಕ್ಕೆ ಬೆವರೂ ಇಲ್ಲ. ತೇಕಿ ತೇಕಿನೇ ತಣ್ಣಗಾಗ್ಬೇಕು. ಅದೂ ಸಾಲದೆ ಹೋದ್ರೆ ಒಳಗಿನ ಬಿಸಿ ಒಳಗೇ ಏರ್ತಾ ಹೋಗುತ್ತಂತೆ.

...

ದಪ್ಪ ಇದ್ದವೇ ಮೊದ್ಲು ಹೋಗಿದ್ದು. ನೀವು ಅಷ್ಟು ಚೆನ್ನಾಗಿ ಸಾಕಿದ್ದೇ ಅವಕ್ಕೆ ಮುಳುವಾಯ್ತು ನೋಡಿ. ಇವತ್ತು ಕೋಳಿ ಒಯ್ಯೋಕೆ ಲಾರಿ ಬರೋದಿತ್ತು, ಹೂಂ... ಕೈಗೆ ಬಂದ ತುತ್ತು.

...

ಉಳಿದಿವೆ, ಒಂದಷ್ಟು. ನೀರಿನ ತೊಟ್ಟಿ ಕಡೆ ಮೂಲೇಲಿ. ಬೆಳೀತಾನೇ ಇಲ್ಲ ಅಂತ ನೀವು ದಿನಾ ಬೈತಿದ್ರಲ್ಲ, ಆ ಸಣಕಲುಗಳೇ. ಕೂಗ್ತಿಲ್ಲ. ನನ್ನನ್ನೇ ನೋಡ್ತಾ ಕೂತಿವೆ.

...

ಅವರಾ? ಊಟ ಮಾಡಿಲ್ಲ. ಬುಟ್ಟೀಲಿ ತುಂಬಿ ಸುರೀರಿ ಅಂದ್ರೂ ಕೇಳಲ್ಲ, ಒಂದೊಂದನ್ನೂ ಎರಡು ಕೈಲಿ ಹಿಡ್ಕೊಂಡು ಹೋಗಿ ಗುಂಡೀಲಿ ಇಡ್ತಾರೆ. ನಿನ್ನೆ ರಾತ್ರಿ 'ಸತ್ತ ಮೇಲೂ ಮೈ ಬಿಸಿ ಆರಿಲ್ಲ ಕಣೇ' ಅಂದ್ರು. ಅಷ್ಟೇ ಆಡಿದ ಮಾತು.

...

ಅಳ್ಬೇಡಿ ಅತ್ತೆ... ಬೇಕಾದ್ರೆ ಬೈದ್ಬಿಡಿ ನನ್ನ. ಈ ಕೋಳಿ ಗಲಾಟೇಲಿ ಸೊಸೆ ಎದುರು ಮಾತಾಡಿದ್ರೂ ಕೇಳಿಸಲ್ಲ, ಅದೇ ಪುಣ್ಯ ಅಂತಿದ್ರಲ್ಲ? ಈಗ ಎಲ್ಲಾ ಕೇಳಿಸುತ್ತೆ.

...

ಏನಂದ್ರಿ?... ನಾನು ಊಟ ಮಾಡಿದ್ನಾ ಅಂತಾನಾ?

...

ಇಲ್ಲ ಅತ್ತೆ. ನೀರೂ ಕುಡಿದಿಲ್ಲ... ನೆನಪೇ ಆಗ್ಲಿಲ್ಲ...

...

ಬೇಡ, ಹಾಗೆಲ್ಲ ಅನ್ಬೇಡಿ. ನೀವು ಬೈದ್ರೆ ತಡ್ಕೋತೀನಿ. ನನಗಾಗಿ ಹೀಗೆ ಮರುಗಿದ್ರೆ ತಡ್ಕೊಳ್ಳೋಕಾಗಲ್ಲ.

...

ಹಾಂ? ನರ್ಸಮ್ಮ ಫೋನ್ ಕೇಳ್ತಿದ್ದಾರಾ? ಒಂದ್ನಿಮಿಷ ಅನ್ನಿ ಅತ್ತೆ, ನಿಮ್ಮ ಮಗನ್ನ ಕರೀತೀನಿ. ನೀವು ಹೇಳಿದ್ರೆ ಒಂದು ತುತ್ತಾದ್ರೂ ತಿಂತಾರೆ. ರೀ... ರೀ, ಅಮ್ಮ ಫೋನಲ್ಲಿದ್ದಾರೆ, ಬನ್ನಿ... ಬಂದ್ರು ಅತ್ತೆ, ಬಂದ್ರು. ಕೈಯೆಲ್ಲಾ ಮಣ್ಣು, ನಾನೇ ಕಿವಿಗೆ ಹಿಡೀತೀನಿ, ಮಾತಾಡಿ...

...

ಯಾಕ್ರೀ, ಏನೂ ಕೇಳಿಸ್ತಿಲ್ವಾ? ತಾಳಿ, ನಾನು ನೋಡ್ತೀನಿ... ನರ್ಸಮ್ಮ ಫೋನ್ ಇಸ್ಕೊಂಡ್ಬಿಟ್ರಾ?... ಅತ್ತೆ? ಹಲೋ... ಅತ್ತೆ, ಹಲೋ...