ಅತ್ತೆ ಮಾಡಿದ ಸೂಪು

ಅಕ್ಕನ ಮಗುವಿಗೆ ಚುಚ್ಚುಮದ್ದು ಹಾಕಿಸಲು ಮಕ್ಕಳ ಕ್ಲಿನಿಕ್ಕಿನಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ, ಮಡಿಲಲ್ಲಿ ಮೂರು ತಿಂಗಳ ಕೂಸು. ಫೈಟ್ ಸೀನಿಗೆ ಮುಂಚಿನ ಮುಖಗಳು. ಮೊದಲು ಬಾಯಿ ಬಿಟ್ಟಿದ್ದು ಸೊಸೆ.

"ಡಾಕ್ಟ್ರು ಹೇಳಿದ್ರು ಅಂತ ಹದಿಮೂರು ದಿನ ಹಾಲು, ಮೊಸರು, ಬೆಣ್ಣೆ ಒಂದೂ ಮುಟ್ಟಿಲ್ಲ ಅತ್ತೆ. ಆದ್ರೂ ಇವತ್ತು ಮಗು ಕಕ್ಕದಲ್ಲಿ ಮತ್ತೆ ರಕ್ತ."

"ನಾನಾಗ್ಲೇ ಹೇಳ್ದೆ, ಹಾಲಿಂದಲ್ಲ ಅಂತ. ನೀನು ತಿಂದಿದ್ದಕ್ಕೆ ಅದಕ್ಯಾಕೆ ರಕ್ತ ಬರುತ್ತೆ?"

"ನಾನು ಕುಡಿದ ಹಾಲಿನ ಅಂಶ ಎದೆಹಾಲಲ್ಲಿ ಹೋಗಿ ಅದಕ್ಕೆ ಅಲರ್ಜಿ ಆಗುತ್ತಂತೆ. ಇನ್ನು ಮೊಟ್ಟೆ, ಸೋಯಾನೂ ಬಿಡು ಅಂತಾರೆ. ಗಾಳಿ ಕುಡ್ಕೊಂಡಿರ್ಲಾ?"

"ಒಣಗಿ ಕಡ್ಡಿ ಆಗಿದೀಯ. ನನ್ನ ಸೂಪಿಂದ ಜೀವ ಹಿಡ್ಕೊಂಡಿದೀಯ ಅಷ್ಟೇ."

"ಸೂಪಿಗೆ ಏನೇನು ಹಾಕ್ತೀರಾ?"

"ತರಕಾರಿ."

"ಮತ್ತೆ?"

"ಉಪ್ಪು."

"ಬೆಳ್ಳಗೆ ಯಾಕಿರುತ್ತೆ?"

ನಾನು ಮೊಬೈಲ್ ಜೇಬಿಗಿಟ್ಟೆ.

"ಹಾಲಿನ ಪುಡಿ. ಹಾಲು ಬೇಡ ಅಂದ್ರು, ಪುಡಿ ಬೇಡ ಅಂದ್ರಾ? ಚೆನ್ನಾಗಿ ಕುದಿಸ್ತೀನಮ್ಮ."

"ಕುದಿಸಿದ್ರೂ ಅದು ಹಾಲೇ! ಅಯ್ಯೋ, ಮತ್ತೆ ಒಂದನೇ ದಿನದಿಂದ ಶುರು ಮಾಡ್ಬೇಕಲ್ಲ ಅತ್ತೆ!"

"ನಿನಗೆ ಶಕ್ತಿ ಬರ್ಲಿ ಅಂತ..."

ನರ್ಸ್ ಒಳಗೆ ಕರೆದಳು. ಸೊಸೆ ಎದ್ದಳು.

"ಡಾಕ್ಟ್ರಿಗೆ ನೀವೇ ಹೇಳಿ."

"ಬೈದ್ರೆ?"

"ಬೈಸ್ಕೊಳ್ಳಿ. ಹೇಳ್ದಿದ್ರೆ ಸುಮ್ನೆ ನನ್ನ ಮೊಟ್ಟೆನೂ ಬಿಡಿಸ್ತಾರೆ."

ಅತ್ತೆ ಸೆರಗು ಸರಿಮಾಡಿಕೊಂಡು ಹಿಂದೆಯೇ ಹೊರಟರು. ಬಾಗಿಲ ಬಳಿ ಪಿಸುಗುಟ್ಟಿದರು.

"ದಿನಕ್ಕೆ ಒಂದು ಚಮಚ ಅನ್ಲಾ?"

"ಹಾಕಿದ್ದೆಷ್ಟು?"

"ನಾಲ್ಕು."

ಬಾಗಿಲು ಮುಚ್ಚಿತು.